ಸಿಂಥ್‌ಗೊಂದು ಪೀಠ, ನಮ್ಮ ಕೈಯಳತೆಗೆ

ಸಿಂಥಸೈಸರನ್ನು ಎಲ್ಲರೂ ಕೊಳ್ಳುವುದು ಅದರ ನಾದಕ್ಕೆ ಮನಸೋತು. ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಏಳುವುದು ಪೆಟ್ಟಿಗೆ ಮನೆಗೆ ಬಂದ ಮೇಲೆ. ಮೊದಲನೆಯದು ಓದುವ ಮೇಜನ್ನೇರುತ್ತದೆ. ಡ್ರಮ್ ಮಷೀನು ಬಂದಾಗ ಪುಸ್ತಕಗಳು ಕೆಳಗಿಳಿಯುತ್ತವೆ. ಮಿಕ್ಸರು, ಸೀಕ್ವೆನ್ಸರು, ಅವುಗಳ ಅಡಾಪ್ಟರು, ಕೇಬಲ್ಲುಗಳೆಲ್ಲ ಸೇರಿದ ಮೇಲೆ ಹಿಂದಿನ ಸಾಲಿನ ಗುಂಡಿ ತಿರುಗಿಸಲು ಮುಂದಿನ ಸಾಲಿನ ಮೇಲೆ ಬಾಗಬೇಕಾಗುತ್ತದೆ. ಎಲೆಕ್ಟ್ರಾನಿಕ್ ಸಂಗೀತದ ಹವ್ಯಾಸಿಗಳು ಗರಗಸ ಕೈಗೆತ್ತಿಕೊಳ್ಳುವುದು ಈ ಹಂತದಲ್ಲಿ.

ಸ್ಟ್ಯಾಂಡನ್ನು ಬರೀ ಪೀಠೋಪಕರಣ ಎಂದುಕೊಂಡರೆ ಈ ಕಸುಬಿನ ಸ್ವಾರಸ್ಯ ಸಿಗುವುದಿಲ್ಲ. 1970ರಲ್ಲಿ ಬಂದ ಮಿನಿಮೂಗ್‌ನ ಗುಂಡಿಗಳ ಫಲಕವನ್ನು ಎತ್ತಿ ನಿಲ್ಲಿಸಬಹುದಿತ್ತು. ಅದು ನುಡಿಸುವವರ ಮುಖಕ್ಕೆ ಎದುರಾಗಿ ನಿಲ್ಲುತ್ತಿತ್ತು. ಕಣ್ಣು ಎಲ್ಲಿ ಬೀಳುತ್ತದೆ, ಕೈ ಎಲ್ಲಿಗೆ ತಲುಪುತ್ತದೆ ಎಂಬುದೂ ವಾದ್ಯದ ವಿನ್ಯಾಸವೇ ಎಂಬ ತಿಳಿವಳಿಕೆ ಅದರಲ್ಲಿತ್ತು. ಇಂದಿನ ಅಗ್ಗದ ಪುಟ್ಟ ಯಂತ್ರಗಳಲ್ಲಿ ಆ ಸೌಕರ್ಯ ಇಲ್ಲ. ಕೊರ್ಗ್ ಕಂಪನಿ 2013ರಲ್ಲಿ ತಂದ ವೋಲ್ಕಾ ಸರಣಿಯನ್ನೇ ನೋಡಿ. ಒಂದೊಂದೂ 193 ಮಿಲಿಮೀಟರ್ ಅಗಲ, 115 ಮಿಲಿಮೀಟರ್ ಆಳ. ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತವೆ. ಕೇಬಲ್ಲಿನ ತೂತುಗಳೂ ಮೇಲ್ಮುಖದಲ್ಲೇ ಇರುವುದರಿಂದ ಒಂದರ ಹಿಂದೆ ಒಂದನ್ನು ಒತ್ತೊತ್ತಾಗಿ ಜೋಡಿಸಿದರೆ ಪ್ಲಗ್ಗುಗಳು ದಾರಿಗಡ್ಡ ಬರುತ್ತವೆ. ಕಂಪನಿ ಬಿಟ್ಟುಹೋದ ಈ ಕೆಲಸವನ್ನು ಮನೆಯ ಬಡಗಿ ಪೂರ್ತಿಮಾಡುತ್ತಾನೆ.

ವೋಲ್ಕಾಗಳಿಗೆ ಒಪ್ಪುವ ಅತಿ ಸರಳವಾದ ಸ್ಟ್ಯಾಂಡಿಗೆ ಬೇಕಾದದ್ದು ಎರಡು ಪಕ್ಕೆ, ಒಂದು ಹಲಗೆ. ಪಕ್ಕೆಗಳಿಗೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಅಲಮಾರು ಮಾಡುವ ಬಡಗಿಯ ಅಂಗಳದಲ್ಲಿ ಇಂಥ ತುಂಡುಗಳು ಉಳಿದು ಬಿದ್ದಿರುತ್ತವೆ. 30 ಸೆಂಟಿಮೀಟರ್ ಉದ್ದ, 14 ಸೆಂಟಿಮೀಟರ್ ಎತ್ತರದ ಒಂದೇ ತುಂಡು ತೆಗೆದುಕೊಳ್ಳಿ. ಒಂದು ಬದಿಯಲ್ಲಿ ಕೆಳಗಿನಿಂದ 2 ಸೆಂಟಿಮೀಟರ್, ಇನ್ನೊಂದು ಬದಿಯಲ್ಲಿ 12 ಸೆಂಟಿಮೀಟರ್ ಎತ್ತರಕ್ಕೆ ಗುರುತು ಹಾಕಿ, ಎರಡನ್ನೂ ಸೇರಿಸುವ ಓರೆಗೆರೆಯಲ್ಲಿ ಕೊಯ್ಯಿರಿ. ಸಿಗುವ ಎರಡು ತುಂಡುಗಳು ಒಂದರ ಪಡಿಯಚ್ಚು ಇನ್ನೊಂದು. ಒಂದೇ ಕೊಯ್ತಕ್ಕೆ ಎರಡು ಪಕ್ಕೆ ಸಿದ್ಧ, ಇಳಿಜಾರು ಎರಡರಲ್ಲೂ ಸುಮಾರು 18 ಡಿಗ್ರಿ. ಇನ್ನೂ ಕಡಿದಾಗಿ ಬೇಕಾದವರು ನೆನಪಿಡಬೇಕಾದ ಲೆಕ್ಕ ಸುಲಭದ್ದು: ಹಲಗೆಯ ಆಳದ ಅರ್ಧದಷ್ಟು ಹಿಂಬದಿಯನ್ನು ಎತ್ತಿದರೆ 30 ಡಿಗ್ರಿ, ಕಾಲುಭಾಗ ಎತ್ತಿದರೆ ಹೆಚ್ಚುಕಡಿಮೆ 15 ಡಿಗ್ರಿ.

ಈ ಪಕ್ಕೆಗಳ ಮೇಲೆ ಎರಡು ಸಾಲು ಹಿಡಿಸುತ್ತವೆ, ನಡುವೆ ಪ್ಲಗ್ಗುಗಳಿಗೂ ಜಾಗ ಉಳಿಯುತ್ತದೆ. ಸಾಲಿಗೆ ನಾಲ್ಕು ಯಂತ್ರ ಕೂರಿಸಬೇಕಾದರೆ ಹಲಗೆ 80 ಸೆಂಟಿಮೀಟರ್ ಉದ್ದ ಇರಬೇಕು. ಎಚ್ಚರ ಬೇಕಾದದ್ದು ಇಲ್ಲೇ. ಭಾರ ಅಷ್ಟೇ ಇದ್ದರೂ ಆಧಾರಗಳ ಅಂತರ ಎರಡರಷ್ಟಾದರೆ ಹಲಗೆಯ ಜೋಲು ಎಂಟು ಪಟ್ಟಾಗುತ್ತದೆ. ಹಾಗೆಂದು ದಪ್ಪ ಹಲಗೆ ಕೊಳ್ಳಬೇಕಾಗಿಲ್ಲ. 12 ಮಿಲಿಮೀಟರಿನ ಹಲಗೆಯ ಅಡಿಗೆ ಎರಡು ಬೆರಳಗಲದ ಪಟ್ಟಿಯೊಂದನ್ನು ಅಂಚಿನ ಮೇಲೆ ನಿಲ್ಲಿಸಿ, ಉದ್ದಕ್ಕೂ ಸ್ಕ್ರೂ ಬಿಗಿದರೆ ಅದು ತೊಲೆಯಂತೆ ಭಾರ ಹೊರುತ್ತದೆ. ಮುಂದಂಚಿಗೆ ಒಂದು ಸೆಂಟಿಮೀಟರ್ ಎತ್ತರದ ತಡೆಪಟ್ಟಿ ಹೊಡೆಯಬೇಕು, ಇಲ್ಲದಿದ್ದರೆ ಯಂತ್ರ ಜಾರುತ್ತದೆ. ಅಡಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಅಂಟಿಸಿದರೆ ಮೇಜಿನ ಮೇಲೆ ಸ್ಟ್ಯಾಂಡು ಕದಲುವುದಿಲ್ಲ. ಇಷ್ಟು ಒಳ್ಳೆಯ ರಬ್ಬರು ಇಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು.

ಎರಡು ಅಂತಸ್ತು ಕಟ್ಟುವವರು ಅಂದಕ್ಕಿಂತ ಮೊದಲು ಸಮತೋಲ ನೋಡಬೇಕು. ಮೇಲಂತಸ್ತಿನ ಕೀಬೋರ್ಡಿನ ಮುಂದಂಚನ್ನು ಬೆರಳು ಒತ್ತಿದಾಗ ಆ ಒತ್ತಡ ಪಾದಗಳಿಂದ ಆಚೆಗೆ ಬಿದ್ದರೆ ಇಡೀ ಕಟ್ಟಡ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಕೆಳಗಿನ ಪಾದ ಕನಿಷ್ಠ ಮೇಲಿನ ಕೀಬೋರ್ಡಿನ ಮುಂದಂಚಿನಷ್ಟಾದರೂ ಮುಂದೆ ಬರಲೇಬೇಕು. ಹಿಂಬದಿಯಲ್ಲಿ ಅಡ್ಡಪಟ್ಟಿಯೊಂದನ್ನು ಕರ್ಣದಂತೆ ಹೊಡೆದರೆ ಎಡಬಲದ ತೂಗಾಟವೂ ನಿಲ್ಲುತ್ತದೆ.

ಯುರೋಪಿನವರು ಇನ್ನೊಂದು ಜಾಣ ದಾರಿ ಕಂಡುಕೊಂಡರು. ಸ್ಟುಡಿಯೊ ಉಪಕರಣಗಳ ಮುಖಫಲಕದ ಅಗಲ 19 ಇಂಚು, ಅಂದರೆ 482.6 ಮಿಲಿಮೀಟರ್. ಐಕಿಯಾ ಕಂಪನಿಯ ಲ್ಯಾಕ್ ಎಂಬ ಅಗ್ಗದ ಟೀಪಾಯಿಯ ಕಾಲುಗಳ ನಡುವೆ ಈ ಉಪಕರಣಗಳ ಒಡಲು ಸರಿಯಾಗಿ ಕೂರುತ್ತದೆ. ನೆದರ್ಲೆಂಡ್ಸ್‌ನ ಕಂಪ್ಯೂಟರ್ ಹವ್ಯಾಸಿಗಳಿಂದ ಹೆಸರಾದ ಈ ಉಪಾಯವನ್ನು ಸಂಗೀತಗಾರರೂ ಎತ್ತಿಕೊಂಡರು. ಕಾಲುಗಳು ಒಳಗೆ ಟೊಳ್ಳಾಗಿರುವುದರಿಂದ ಹಗುರವಾದ ಪೆಟ್ಟಿಗೆಗಳಿಗೆ ಮಾತ್ರ ಅದು ಹೊಂದುತ್ತದೆ. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವೆ ಆರಂಭಿಸಿದ, ಬಿಡಿ ಮಾಡ್ಯೂಲುಗಳನ್ನು ಪೆಟ್ಟಿಗೆಯೊಂದರಲ್ಲಿ ಜೋಡಿಸಿ ಸಿಂಥ್ ಕಟ್ಟಿಕೊಳ್ಳುವ ಯುರೋರ‍್ಯಾಕ್ ಪದ್ಧತಿಯಂತೂ ಮನೆಗೆಲಸದವರಿಗೆ ವರವಾಯಿತು. ಮಾಡ್ಯೂಲಿನ ಎತ್ತರ 128.5 ಮಿಲಿಮೀಟರ್, ಅಗಲ 5.08 ಮಿಲಿಮೀಟರಿನ ಮಡಿಗಳಲ್ಲಿ. ಅಳತೆ ಗೊತ್ತಿದ್ದರೆ ಸಾಕು, ಪೆಟ್ಟಿಗೆಯನ್ನು ಯಾವ ಊರಿನ ಬಡಗಿಯೂ ಕೂಡಿಸಬಲ್ಲ.

ನಮ್ಮಲ್ಲಿ ನೆಲದ ಮೇಲೆ ಕೂತು ನುಡಿಸುವವರಿಗೆ ಅಂಗಡಿಯ ಸ್ಟ್ಯಾಂಡುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅವು ಕುರ್ಚಿಯವರಿಗೋ ನಿಂತವರಿಗೋ ಮಾಡಿದಂಥವು. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್‌ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದ ಮೇಲೆ ವಿದ್ಯುತ್ ವಾದ್ಯ ನಮ್ಮ ಜಮಖಾನದ ಮೇಲೂ ಬಂದು ಕೂತಿದೆ. ಪದ್ಮಾಸನಕ್ಕೆ ಹೊಂದುವ ಮಾದರಿ ದೇವರಮನೆಯಲ್ಲೇ ಇದೆ: ವ್ಯಾಸಪೀಠ. ಗ್ರಂಥದ ಬದಲು ವಾದ್ಯ ಹೊರಲು ಅದನ್ನು ಕೊಂಚ ಬದಲಿಸಬೇಕು. ಎರಡು ಹಲಗೆಗಳಿಗೆ ನಡುವಿನವರೆಗೆ ಸೀಳು ಕೊಯ್ದು ಒಂದರೊಳಗೊಂದು ತೂರಿಸಿದರೆ ಅಡ್ಡಗತ್ತರಿಯ ಕಾಲು ಸಿದ್ಧ. ಅಂಥ ಎರಡು ಕಾಲುಗಳ ಮೇಲೆ ಅಡ್ಡಹಲಗೆ ಇಟ್ಟರೆ ಮೊಳೆ, ಅಂಟು ಬೇಡದ ಪೀಠವಾಗುತ್ತದೆ. ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕಛೇರಿಗೂ ಒಯ್ಯಬಹುದು. ಎತ್ತರ ಮಾತ್ರ ನುಡಿಸುವವರ ಮಂಡಿಯನ್ನು ಅಳೆದು ನಿರ್ಧರಿಸಬೇಕು.

ಮಲೆನಾಡು, ಕರಾವಳಿಯವರು ಎಂಡಿಎಫ್ ಹಲಗೆಯನ್ನು ದೂರವಿಡುವುದು ಒಳ್ಳೆಯದು. ಮಳೆಗಾಲದ ಥಂಡಿಗೆ ಅದರ ಅಂಚು ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ನೀರು ತಡೆಯುವ ಪ್ಲೈವುಡ್ಡಿಗೆ ಉಪ್ಪುಕಾಗದ ಉಜ್ಜಿ, ಕೊಯ್ದ ಅಂಚುಗಳಿಗೂ ಮರೆಯದೆ ವಾರ್ನಿಷ್ ಬಳಿಯಬೇಕು. ಅಡಾಪ್ಟರುಗಳನ್ನು ಒಂದು ಬದಿಗೆ, ಧ್ವನಿಯ ಕೇಬಲ್ಲುಗಳನ್ನು ಇನ್ನೊಂದು ಬದಿಗೆ ಕಟ್ಟಿದರೆ ಗುಂಯ್‌ಗುಡುವ ಸದ್ದು ಕಡಿಮೆಯಾಗುತ್ತದೆ. ಎರಡೂ ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಲಿ. ಪಕ್ಕೆಗಳ ಜೋಡಣೆಗೆ ಅಂಟು ಹಾಕಬೇಡಿ, ಸ್ಕ್ರೂ ಸಾಕು. ಇನ್ನೊಂದು ಸಿಂಥ್ ಮನೆಗೆ ಬರುತ್ತದೆ, ಆಗ ಹಲಗೆಯನ್ನಷ್ಟೇ ಬದಲಿಸಿದರಾಯಿತು.