ಮೈದಾನದ ಮಾಸ್ತರಿಕೆ

ಓಟದ ಟ್ರ್ಯಾಕ್ ಎಳೆಯುವುದೆಂದರೆ ಸುಣ್ಣದ ಪುಡಿ ಚೆಲ್ಲುವ ಕೆಲಸ ಎಂದುಕೊಂಡವರು ಒಮ್ಮೆ ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್. ಓದುವ ವಿದ್ಯಾರ್ಥಿಗಳ ಬೆನ್ನುಹತ್ತಿ ಬೆಳಗಿನ ಮೈದಾನಕ್ಕೆ ಹೋಗಬೇಕು. ಕೈಯಲ್ಲಿ ಅಳತೆಯ ಟೇಪು, ಗೂಟ, ಸುತ್ತಿಗೆ, ಹುರಿ. ಮೊದಲು ಮೈದಾನದ ನಡುವೆ ಉದ್ದಕ್ಕೊಂದು ಗೆರೆ, ಆಮೇಲೆ ಅದಕ್ಕೆ ಲಂಬವಾಗಿ ಇನ್ನೊಂದು. ಮೂಲೆಮಟ್ಟ ಹಿಡಿಯುವ ಉಪಕರಣ ಏನೂ ಇರುವುದಿಲ್ಲ. ಹುರಿಯಲ್ಲಿ 3, 4, 5 ಮೀಟರಿನ ತ್ರಿಕೋನ ಕಟ್ಟಿದರೆ ಮೂಲೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ಪರೀಕ್ಷೆ ಮುಗಿದ ದಿನವೇ ನಾವೆಲ್ಲ ಮರೆತ ಪೈಥಾಗೊರಸ್ ಇಲ್ಲಿ ಕೂಲಿಯಿಲ್ಲದೆ ದುಡಿಯುತ್ತಾನೆ.

400 ಮೀಟರಿನ ಪ್ರಮಾಣಿತ ಟ್ರ್ಯಾಕಿನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್, ಒಂದೊಂದು ಲೇನಿನ ಅಗಲ 1.22 ಮೀಟರ್. ಈ ಅಂಕಿಗಳನ್ನು ನೇರವಾಗಿ ಕೂಡಿಸಿದರೆ 400 ಬರುವುದಿಲ್ಲ, ಎರಡು ಮೀಟರಿನಷ್ಟು ಕಡಿಮೆ ಬೀಳುತ್ತದೆ. ಓಡುವವರು ಒಳ ಅಂಚಿಗೆ ಕಾಲು ತಾಗಿಸಿಕೊಂಡು ಓಡುವುದಿಲ್ಲವಲ್ಲ. ಅಂಚಿನಿಂದ 30 ಸೆಂಟಿಮೀಟರ್ ಆಚೆಗೆ ಅವರ ದಾರಿ ಎಂದು ಹಿಡಿದಾಗ ಲೆಕ್ಕ ಕೂಡುತ್ತದೆ. ಇಡೀ ಸುತ್ತು ತಂತಮ್ಮ ಲೇನಿನಲ್ಲೇ ಓಡುವ ಸ್ಪರ್ಧೆಯಾದರೆ ಎರಡನೇ ಲೇನಿನವರನ್ನು 7.04 ಮೀಟರ್ ಮುಂದೆ ನಿಲ್ಲಿಸಬೇಕು, ಅಲ್ಲಿಂದಾಚೆ ಪ್ರತಿ ಲೇನಿಗೂ ಮತ್ತೆ 7.67 ಮೀಟರ್. ಈ ಅಳತೆ ತಪ್ಪಿದರೆ ಹೊರಗಿನ ಲೇನಿನ ಹುಡುಗಿ ಸೀಟಿ ಊದುವ ಮೊದಲೇ ಸೋತಿರುತ್ತಾಳೆ, ಯಾಕೆ ಸೋತೆ ಎಂಬುದು ಅವಳಿಗೆ ಗೊತ್ತೂ ಆಗುವುದಿಲ್ಲ.

ಇಂಥ ಲೆಕ್ಕಗಳಿಂದ ಶುರುವಾಗುವ ಎರಡು ವರ್ಷದ ಓದು ಬಿ.ಪಿ.ಎಡ್. ಅದರ ಮೇಲೆ ಇನ್ನೆರಡು ವರ್ಷ ಓದಿದರೆ ಸ್ನಾತಕೋತ್ತರ ಎಂ.ಪಿ.ಎಡ್. ಈ ಓದಿನ ಬಗ್ಗೆ ಬರೆಯಲು ಮಹಾರಾಷ್ಟ್ರದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ್ ಸೀಮೆಗಿಂತ ತಕ್ಕ ನೆಲ ನಮ್ಮ ಗಡಿಯ ಅಕ್ಕಪಕ್ಕದಲ್ಲಿ ಇನ್ನೊಂದಿಲ್ಲ. ಗಡಹಿಂಗ್ಲಜ್ ದಾಟಿದ ಹಿರಣ್ಯಕೇಶಿಯೇ ಕೆಳಗೆ ಸಂಕೇಶ್ವರಕ್ಕೆ ಹರಿದು ಬರುತ್ತದೆ. ಗಡಹಿಂಗ್ಲಜ್ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡ ಇಚಲಕರಂಜಿಗೆ ನಮ್ಮ ಕಡೆಯ ನೇಕಾರರೂ ಹೋಗಿ ನೆಲೆಸಿದ್ದಾರೆ. ಮೂರೂ ಊರು 1962ರಲ್ಲಿ ಆರಂಭವಾದ ಶಿವಾಜಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು.

ಕೊಲ್ಹಾಪುರ ಎಂದರೆ ನಮ್ಮ ಅವ್ವಂದಿರಿಗೆ ಮಹಾಲಕ್ಷ್ಮಿ, ಅಪ್ಪಂದಿರಿಗೆ ಕುಸ್ತಿ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ ಇಂದಿಗೂ ಪೈಲವಾನರ ಯಾತ್ರಾಸ್ಥಳ. ಮೋತಿಬಾಗ್, ಗಂಗಾವೇಸ್, ಶಾಹುಪುರಿ ತಾಲೀಮುಗಳ ಹೆಸರು ಬೆಳಗಾವಿ, ಬಾಗಲಕೋಟೆಯ ಗರಡಿಗಳಲ್ಲೂ ಕೇಳಿಬರುತ್ತದೆ. 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿ ಗೆದ್ದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದವರು. ಹುಟ್ಟೂರು ನಮ್ಮದು, ಕೊಲ್ಹಾಪುರದ ಕೆಂಪು ಮಣ್ಣು ಅವರನ್ನು ಬೆಳೆಸಿತು. ಕುಸ್ತಿಯ ಗೀಳು ಫುಟ್‌ಬಾಲಿಗೂ ಹಬ್ಬಿತು. ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್ ಎಂಬ ಹೆಸರಿನ ತಂಡಗಳು ಇವತ್ತು ಶಾಹೂ ಸ್ಟೇಡಿಯಮ್ಮಿನಲ್ಲಿ ಚೆಂಡಿನ ಹಿಂದೆ ಓಡುತ್ತವೆ, ಪೇಠೆಗೆ ಪೇಠೆಯೇ ಗ್ಯಾಲರಿಯಲ್ಲಿ ಕೂತು ಕೂಗುತ್ತದೆ. ಗಡಹಿಂಗ್ಲಜ್‌ನಂಥ ಪುಟ್ಟ ಊರಿಗೂ ಫುಟ್‌ಬಾಲಿನ ಹುಚ್ಚು ಇದೆ. ಬಂದೂಕು ಹಿಡಿದವರ ಸಾಲೇ ಬೇರೆ: 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, 2018ರ ಏಷ್ಯನ್ ಗೇಮ್ಸ್ ಚಿನ್ನದ ರಾಹಿ ಸರ್ನೋಬತ್, 2024ರ ಪ್ಯಾರಿಸ್ ಒಲಿಂಪಿಕ್ಸ್ ಕಂಚಿನ ಸ್ವಪ್ನಿಲ್ ಕುಸಾಳೆ. ಮೂವರೂ ಇದೇ ಜಿಲ್ಲೆಯವರು.

ಇಷ್ಟೆಲ್ಲ ಇರುವಲ್ಲಿ ಆಟ ಕಲಿಸುವುದಕ್ಕೆ ಇನ್ನೊಂದು ಪದವಿ ಯಾಕೆ ಎಂದು ಕೇಳುವವರಿದ್ದಾರೆ. ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದರು ಎಂ.ಪಿ.ಎಡ್. ಓದಿದ್ದರೇ ಎಂಬುದು ಅವರ ಪ್ರಶ್ನೆ. ಓದಿರಲಿಲ್ಲ. ಆದರೆ ವಸ್ತಾದರ ಬಳಿಗೆ ಹೋಗುತ್ತಿದ್ದವನು ಕುಸ್ತಿಗೆಂದೇ ಮನಸ್ಸು ಮಾಡಿದ ಹುಡುಗ. ಮೈ ಬಗ್ಗದವನು ನಾಲ್ಕು ದಿನಕ್ಕೆ ಮನೆಗೆ ಮರಳುತ್ತಿದ್ದ, ಉಳಿದವನನ್ನು ವಸ್ತಾದರು ತಿದ್ದುತ್ತಿದ್ದರು. ಶಾಲೆಯ ಮಾಸ್ತರಿಗೆ ಆ ಆಯ್ಕೆ ಇಲ್ಲ. ಅವರ ಮುಂದೆ ನಿಲ್ಲುವ ಐವತ್ತು ಮಕ್ಕಳಲ್ಲಿ ಒಬ್ಬನಿಗೆ ಉಬ್ಬಸ, ಒಬ್ಬಳಿಗೆ ರಕ್ತಹೀನತೆ, ನಾಲ್ವರಿಗೆ ಆಟವೆಂದರೆ ಅಂಜಿಕೆ, ಇಬ್ಬರು ಜಿಲ್ಲಾ ಮಟ್ಟಕ್ಕೆ ಹೋಗಬಲ್ಲವರು. ಆ ಇಬ್ಬರನ್ನು ಗುರುತಿಸಲು ಯಾರಿಗಾದರೂ ಸಾಧ್ಯ. ಉಳಿದ ನಲವತ್ತೆಂಟನ್ನು ಮೈದಾನದಲ್ಲಿ ಇಟ್ಟುಕೊಳ್ಳುವ ವಿದ್ಯೆ ಈ ಪದವಿಯ ನಿಜವಾದ ತಿರುಳು ಎಂದು ನನ್ನ ಅನಿಸಿಕೆ.

ಖೋಖೋವನ್ನೇ ನೋಡಿ. ಬೆನ್ನಟ್ಟುವ ಕಡೆ ಎಂಟು ಮಂದಿ ಕೂತಿರುತ್ತಾರೆ, ಒಬ್ಬ ಓಡುತ್ತಾನೆ. ತಪ್ಪಿಸಿಕೊಳ್ಳುವ ಕಡೆಯಿಂದ ಒಮ್ಮೆಗೆ ಮೂವರು. ಕಂಬದ ಜೋಡಿ ಒಂದೇ ಇದ್ದರೆ ಐವತ್ತರಲ್ಲಿ ಹನ್ನೆರಡು ಮಕ್ಕಳು ಅಂಗಣದಲ್ಲಿ, ಮೂವತ್ತೆಂಟು ಮಕ್ಕಳು ಗೆರೆಯಾಚೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನಲ್ಲಿ ನಮ್ಮ ಗಂಡು, ಹೆಣ್ಣು ಎರಡೂ ತಂಡಗಳು ಗೆದ್ದದ್ದು ಸಂತೋಷವೇ. ಶಾಲೆಯ ಪೀರಿಯಡ್ಡಿನಲ್ಲಿ ಮಾತ್ರ ವಿಶ್ವಕಪ್ಪಿನ ನಿಯಮ ನಡೆಯುವುದಿಲ್ಲ. ಕಲಿತ ಮಾಸ್ತರು ಸುಣ್ಣದಲ್ಲಿ ನಾಲ್ಕು ಪುಟ್ಟ ಅಂಗಣ ಬರೆದು, ಕಂಬದ ಜಾಗದಲ್ಲಿ ಮಕ್ಕಳನ್ನೇ ನಿಲ್ಲಿಸಿ ಎಲ್ಲರನ್ನೂ ಓಡಿಸುತ್ತಾರೆ. 'ಔಟ್ ಆದವರು ಹೊರಗೆ' ಎಂಬ ಆಟಗಳಲ್ಲಿ ಇನ್ನೊಂದು ಮೋಸವಿದೆ. ಯಾರಿಗೆ ಹೆಚ್ಚು ಅಭ್ಯಾಸ ಬೇಕೋ ಅವರೇ ಮೊದಲು ಔಟಾಗಿ ಬೇವಿನ ಮರದ ಕೆಳಗೆ ಕೂರುತ್ತಾರೆ. ಹತ್ತು ಸಲ ಜಿಗಿದು ಮತ್ತೆ ಒಳಗೆ ಬಾ ಎಂದು ನಿಯಮ ತಿದ್ದಿದರೆ ಆಟವೂ ಕೆಡುವುದಿಲ್ಲ, ಮಗುವೂ ಮೂಲೆಗೆ ಬೀಳುವುದಿಲ್ಲ. ನೋಡಲು ಸಣ್ಣ ಸಂಗತಿ. ಹೇಳಿಕೊಡದೆ ಹೊಳೆಯುವುದು ಕಷ್ಟ.

ಈ ತಿಳಿವಳಿಕೆ ನಮ್ಮ ಶಾಲೆಗಳಿಗೆ ತಡವಾಗಿ ಬಂತು. ಬ್ರಿಟಿಷರ ಕಾಲದಲ್ಲಿ ನಿವೃತ್ತ ಸಿಪಾಯಿಗಳೇ ಡ್ರಿಲ್ ಮಾಸ್ತರರು; ಸಾವಧಾನ್, ವಿಶ್ರಾಮ್, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಮುಗಿಯಿತು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದಾಗ ಅವರ ಹಿಂದೆ ಕ್ರೀಡಾ ವಿಜ್ಞಾನವೆಂಬುದು ಏನೂ ಇರಲಿಲ್ಲ, ಕಾಲು ಮಾತ್ರ ಇತ್ತು. ಅದೇ 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದರು. ಮುಂಬಯಿ ಪ್ರಾಂತದ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ತರಬೇತಿ ಸಂಸ್ಥೆ ಆರಂಭಿಸಿತು. ಬೆಳಗಾವಿ, ಧಾರವಾಡ, ವಿಜಯಪುರಗಳೂ ಆಗ ಅದೇ ಪ್ರಾಂತದಲ್ಲಿದ್ದವು.

ಪೈಲವಾನ ಖಾಶಾಬಾ ಜಾಧವರ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಕರಾಡದ ಬಳಿಯ ಗೋಳೇಶ್ವರದ ಹುಡುಗ, ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ. ಮಣ್ಣಿನಲ್ಲಿ ಪಳಗಿದ ಅವರಿಗೆ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟ್ ಎದುರಾಯಿತು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಕಥೆ ಮುಗಿಯಿತು. ಅಲ್ಲಿ ಗಡಿಯಾರ ಬೇರೆ, ತೀರ್ಪಿನ ಲೆಕ್ಕ ಬೇರೆ. ಆ ಸಲ ಆರನೆಯ ಸ್ಥಾನ. 1952ರ ಹೆಲ್ಸಿಂಕಿಗೆ ಹೋಗಲು ದುಡ್ಡು ಸಾಲದಾದಾಗ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ 7,000 ರೂಪಾಯಿಗೆ ಅಡವಿಟ್ಟರು ಎಂಬುದು ಆ ಊರಿನಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಕಂಚು ಬಂತು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ 1996ರವರೆಗೆ ಕಾಯಬೇಕಾಯಿತು. ಮಣ್ಣಿನಿಂದ ಮ್ಯಾಟಿಗೆ ದಾಟುವುದು ಹೇಗೆಂದು ಓದಿ, ಅಳೆದು, ಹೇಳಿಕೊಡುವ ಜನ ಆಗ ಶಾಲೆಗಳಲ್ಲಿ ಇದ್ದಿದ್ದರೆ ಎಂಬ ಯೋಚನೆ ಬಾರದೆ ಇರದು.

ಬಿ.ಪಿ.ಎಡ್. ಪಠ್ಯದಲ್ಲಿ ಅಂಗರಚನೆ, ಶರೀರಕ್ರಿಯೆ, ಯೋಗ, ಕ್ರೀಡಾ ಮನಶ್ಶಾಸ್ತ್ರ, ಆಹಾರ, ಗಾಯದ ಆರೈಕೆ, ಅಂಪೈರಿಂಗ್ ಎಲ್ಲ ಇವೆ. ಮಲ್ಲಕಂಬ, ಲೇಜಿಮ್, ಡಂಬೆಲ್ಸ್ ಕೂಡ ಅಧಿಕೃತ ಪಾಠಗಳೇ. ಇವೆಲ್ಲಕ್ಕಿಂತ ಮೈ ಬೆವರಿಸುವುದು ಪಾಠಾಭ್ಯಾಸ. ಹತ್ತಿರದ ಶಾಲೆಗೆ ಹೋಗಿ, ಪಾಠ ಯೋಜನೆ ಬರೆದುಕೊಂಡು, ಮೈ ಬಿಸಿ ಮಾಡಿಸುವುದರಿಂದ ಹಿಡಿದು ಮತ್ತೆ ಸಾಲು ನಿಲ್ಲಿಸಿ ಕಳಿಸುವವರೆಗೆ ನಿಮಿಷ ನಿಮಿಷಕ್ಕೂ ಲೆಕ್ಕ ಕೊಡಬೇಕು. ಹಿಂದೆ ಮಾರ್ಗದರ್ಶಕರು ವಹಿ ಹಿಡಿದು ನಿಂತಿರುತ್ತಾರೆ. ಗಡಹಿಂಗ್ಲಜ್ ಕಡೆಯ ಹಳ್ಳಿ ಶಾಲೆಗೆ ನಿಪ್ಪಾಣಿಯಿಂದಲೋ ಹುಕ್ಕೇರಿಯಿಂದಲೋ ಬಂದ ತರಬೇತಿ ವಿದ್ಯಾರ್ಥಿ ಪಾಠಕ್ಕೆ ನಿಂತರೆ ಅವನಿಗೊಂದು ಅನುಕೂಲವಿದೆ. ಮರಾಠಿಯಲ್ಲಿ ಹೇಳಿದ್ದು ತಿಳಿಯದೆ ಕಣ್ಣರಳಿಸುವ ಒಂದನೇ ತರಗತಿಯ ಮಗುವಿಗೆ 'ಬಾ ತಂಗಿ, ಜಿಗಿ' ಅಂದರೆ ಸಾಕು.

ಎಂ.ಪಿ.ಎಡ್. ಬೇರೆ ಹದದ್ದು. ಅಲ್ಲಿ ಚಲನೆಯ ಯಂತ್ರಶಾಸ್ತ್ರ, ವ್ಯಾಯಾಮದ ಶರೀರಕ್ರಿಯೆ, ಮಾಪನ, ಸಂಖ್ಯಾಶಾಸ್ತ್ರ, ಪ್ರಬಂಧ. ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡಿದೆ ಎಂಬುದರಿಂದ ಉಸಿರಿನ ಶಕ್ತಿ ಅಳೆಯುವ ಕೂಪರ್ ಪರೀಕ್ಷೆ 1968ರದು, ಇನ್ನೂ ನಡೆಯುತ್ತಿದೆ. ಇಲ್ಲಿ ನನ್ನದೊಂದು ತಕರಾರು. ದೇಶದಲ್ಲಿ ಎಲ್ಲೇ ಹೋಗಿ, ಪ್ರಬಂಧಗಳ ಶೀರ್ಷಿಕೆ ಒಂದೇ ಅಚ್ಚಿನವು: ಕಬಡ್ಡಿ ಆಟಗಾರರ ಮತ್ತು ಖೋಖೋ ಆಟಗಾರರ ವೇಗದ ತುಲನೆ, ಕಾಲೇಜು ಹುಡುಗರ ಮತ್ತು ಹುಡುಗಿಯರ ಬಾಗುವಿಕೆಯ ತುಲನೆ. ಪಕ್ಕದ ಬೀದಿಯಲ್ಲೇ ತಾಲೀಮು ಇದೆ. ಕೆಂಪು ಮಣ್ಣಿಗೆ ಅರಿಸಿನ, ಮಜ್ಜಿಗೆ, ಎಣ್ಣೆ, ಕರ್ಪೂರ ಬೆರೆಸಿ ಹದ ಮಾಡುವುದು ಯಾಕೆ, ಚರ್ಮರೋಗಕ್ಕೂ ಅದಕ್ಕೂ ಸಂಬಂಧ ಎಷ್ಟು, ಬೈಠಕ್‌ಗಳ ಸಂಖ್ಯೆಯನ್ನು ವಯಸ್ಸಿಗೆ ತಕ್ಕಂತೆ ಏರಿಸುವ ಕ್ರಮ ಯಾವುದು, ಮೊಣಕಾಲು ಕೆಟ್ಟ ಪೈಲವಾನರು ಎಷ್ಟು ಮಂದಿ? ಮುದಿ ವಸ್ತಾದರನ್ನು ಕೂರಿಸಿಕೊಂಡು ಇದನ್ನೆಲ್ಲ ಬರೆದಿಡಲು ಕೊಲ್ಹಾಪುರದ ಎಂ.ಪಿ.ಎಡ್. ವಿದ್ಯಾರ್ಥಿಗಿರುವ ಅವಕಾಶ ಬೇರೆ ಊರಿನವರಿಗಿಲ್ಲ. ಇಚಲಕರಂಜಿಯಲ್ಲಾದರೆ ರಾತ್ರಿ ಪಾಳಿಯ ಮಗ್ಗದ ಮನೆಗಳ ಮಕ್ಕಳ ನಿದ್ದೆ ಮತ್ತು ಉಸಿರಾಟವೇ ಒಂದು ಒಳ್ಳೆಯ ವಿಷಯ.

ಸೇರಬಯಸುವವರಿಗೆ ದಾರಿ ಹೀಗಿದೆ. ಮಹಾರಾಷ್ಟ್ರದಲ್ಲಿ ಬಿ.ಪಿ.ಎಡ್., ಎಂ.ಪಿ.ಎಡ್. ಎರಡಕ್ಕೂ ರಾಜ್ಯದ ಸಿ.ಇ.ಟಿ. ಇದೆ, ಬರವಣಿಗೆಯ ಪರೀಕ್ಷೆಯ ಜೊತೆಗೆ ಮೈದಾನದ ಪರೀಕ್ಷೆಯೂ ಉಂಟು. ಮುಂದೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕಾದರೆ ಯು.ಜಿ.ಸಿ. ನಿಯಮದಂತೆ ಮತ್ತೊಮ್ಮೆ ಓಡಬೇಕು: ಮೂವತ್ತರೊಳಗಿನ ಗಂಡಸರು 12 ನಿಮಿಷದಲ್ಲಿ 1,800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1,000 ಮೀಟರ್. ಕೆಲಸಕ್ಕೆಂದು ಓಡಬೇಕಾದ ಅಧ್ಯಾಪಕರು ಇಡೀ ಕಾಲೇಜಿನಲ್ಲಿ ಇವರೊಬ್ಬರೇ.

ಕೆಲಸ ಸಿಕ್ಕ ಮೇಲಿನ ಬಾಳು ಅಷ್ಟೇನೂ ಸೊಗಸಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗಳಿಗೆ ದೈಹಿಕ ಶಿಕ್ಷಣದ ಬೋಧಕರು ಬೇಕೆನ್ನುತ್ತದೆ, ಆದರೆ ಅರೆಕಾಲಿಕರಾದರೆ ಸಾಕೆನ್ನುತ್ತದೆ. ಕರ್ನಾಟಕದ ದೈಹಿಕ ಶಿಕ್ಷಕರು ದೈಹಿಕ ಶಿಕ್ಷಣ ಕುರಿತ ಪ್ರೊ. ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ವರ್ಷಗಟ್ಟಲೆ ಕೇಳುತ್ತಲೇ ಇದ್ದಾರೆ. ಗಣಿತದ ಮಾಸ್ತರು ರಜೆ ಹಾಕಿದರೆ ಪೀರಿಯಡ್ ಇವರಿಗೆ. ಪರೀಕ್ಷೆ ಹತ್ತಿರ ಬಂದರೆ ಇವರ ಪೀರಿಯಡ್ ಗಣಿತದವರಿಗೆ. ಗೆದ್ದಾಗ ಫೋಟೋದಲ್ಲಿ ಇವರು ತುದಿಗೆ ನಿಂತಿರುತ್ತಾರೆ.

ಆದರೂ ಈ ದಾರಿಗೆ ಬರುವವರು ಬರಲಿ, ಹೆಣ್ಣುಮಕ್ಕಳು ಇನ್ನೂ ಹೆಚ್ಚು ಬರಲಿ. ಹನ್ನೆರಡು ದಾಟಿದ ಹುಡುಗಿಯರು ಮೈದಾನ ಬಿಡುವುದನ್ನು ತಡೆಯಲು ಒಬ್ಬ ಅಕ್ಕೋರು ಮಾಡಬಲ್ಲ ಕೆಲಸ ಹತ್ತು ಸುತ್ತೋಲೆಗಳಿಂದ ಆಗದು. ಶುಲ್ಕ ಕಟ್ಟುವ ಮುನ್ನ ಎರಡು ಕೆಲಸ ಮಾಡಿ. ಆ ಕಾಲೇಜಿನ ಆ ಕೋರ್ಸಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪತ್ರ ನೋಡಿ ಖಚಿತ ಮಾಡಿಕೊಳ್ಳಿ. ನಾಳೆ ಕರ್ನಾಟಕದಲ್ಲಿ ಅರ್ಜಿ ಹಾಕುವಾಗ ಮೊದಲು ಕೇಳುವುದು ಅದನ್ನೇ. ಆಮೇಲೆ ಕಚೇರಿಯಿಂದ ಹೊರಗೆ ಬಂದು ಅವರ ಮೈದಾನ ನೋಡಿ. ಟ್ರ್ಯಾಕಿನ ಸುಣ್ಣದ ಗೆರೆ ಹೊಸದಾಗಿದ್ದರೆ ಸೇರಬಹುದು. ಹುಲ್ಲು ಬೆಳೆದಿದ್ದರೆ ಬೇರೆ ಕಾಲೇಜು ನೋಡಿ.