ಎಪ್ಪತ್ತೈದರಲ್ಲಿ ಮೂವತ್ತಮೂರು

ಕ್ರಿ.ಶ. 2517. ಮನುಷ್ಯ ನೂರಾರು ಗ್ರಹಗಳಲ್ಲಿ ನೆಲೆಯೂರಿದ್ದಾನೆ. ದೂರದ ವಸಾಹತುಗಳು ಭೂಮಿಯ ಆಳ್ವಿಕೆಯ ವಿರುದ್ಧ ದಂಗೆ ಎದ್ದಿವೆ. ಅದನ್ನು ಅಡಗಿಸಲು ನೌಕಾ ಗುಪ್ತಚರ ಇಲಾಖೆ ಸದ್ದಿಲ್ಲದೆ ಒಂದು ಕೆಲಸಕ್ಕೆ ಕೈಹಾಕುತ್ತದೆ. ಬೇರೆ ಬೇರೆ ಗ್ರಹಗಳಿಂದ ಆರು ವರ್ಷದ 75 ಮಕ್ಕಳನ್ನು ಕದ್ದು ತರುತ್ತದೆ. ಹೆತ್ತವರಿಗೆ ಅನುಮಾನ ಬಾರದಿರಲೆಂದು ಆಯಾ ಮನೆಗಳಲ್ಲಿ ಮಕ್ಕಳ ತದ್ರೂಪಿಗಳನ್ನು ಬಿಟ್ಟು ಬರುತ್ತದೆ. ಆತುರದಲ್ಲಿ ಬೆಳೆಸಿದ ಆ ತದ್ರೂಪಿಗಳು ಹೆಚ್ಚು ದಿನ ಬಾಳುವುದಿಲ್ಲ. ಯಾವುದೋ ಕಾಯಿಲೆ ಎಂದುಕೊಂಡು ಹೆತ್ತವರು ಅತ್ತು ಮಣ್ಣು ಮಾಡುತ್ತಾರೆ.

ಇದು 'ಹೇಲೋ' ಎಂಬ ಕಾಲ್ಪನಿಕ ಜಗತ್ತಿನ ಸ್ಪಾರ್ಟನ್-2 ಪಡೆಯ ಹುಟ್ಟಿನ ಕಥೆ. ಬಂಗೀ ಕಂಪನಿ ಎಕ್ಸ್‌ಬಾಕ್ಸ್‌ಗಾಗಿ 2001ರಲ್ಲಿ ತಂದ ವಿಡಿಯೋ ಗೇಮ್‌ನ ನಾಯಕ ಮಾಸ್ಟರ್ ಚೀಫ್, ಅಂದರೆ ಜಾನ್-117, ಇದೇ ಪಡೆಯವನು. ಗೇಮ್ ಆಡಿದವರಿಗೆ ಗೊತ್ತಿರುವುದು ಅವನ ಹಸಿರು ಕವಚ ಮತ್ತು ಬಂದೂಕು ಮಾತ್ರ. ಅವನು ಹೇಗೆ ತಯಾರಾದ ಎಂಬ ವಿವರ ಇರುವುದು ಅದೇ ವರ್ಷ ಬಂದ ಎರಿಕ್ ನೈಲಂಡ್ ಅವರ 'ದ ಫಾಲ್ ಆಫ್ ರೀಚ್' ಕಾದಂಬರಿಯಲ್ಲಿ. ಯೋಜನೆಯ ಮುಖ್ಯಸ್ಥೆ ಡಾ. ಕ್ಯಾಥರಿನ್ ಹಾಲ್ಸಿ ಗುರುತಿಸಿದ್ದು 150 ಮಕ್ಕಳನ್ನು. ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲಿಸಬೇಕಾಯಿತು. 26ನೇ ಶತಮಾನದಲ್ಲೂ ವಿಜ್ಞಾನಿಗಳಿಗೆ ಅನುದಾನದ ಗೋಳು ತಪ್ಪಿಲ್ಲ ಅನ್ನಿ.

ರೀಚ್ ಎಂಬ ಗ್ರಹದಲ್ಲಿ ಎಂಟು ವರ್ಷ ತರಬೇತಿ ನಡೆಯುತ್ತದೆ. 2525ರಲ್ಲಿ, ಮಕ್ಕಳಿಗೆ 14 ವಯಸ್ಸಾದಾಗ, ದೇಹವನ್ನೇ ತಿದ್ದುವ ಐದು ಬಗೆಯ ಚಿಕಿತ್ಸೆಗಳಾಗುತ್ತವೆ. ಮೂವತ್ತು ಮಂದಿ ಸಾಯುತ್ತಾರೆ. ಹನ್ನೆರಡು ಮಂದಿ ಊನರಾಗುತ್ತಾರೆ. ಉಳಿದ 33 ಮಂದಿಯೇ ಆ ಗುಪ್ತ ಪಡೆ.

ವೈಜ್ಞಾನಿಕ ಕಥೆಗಳಲ್ಲಿ ಅತಿಮಾನವರು ಸಾಮಾನ್ಯವಾಗಿ ಅಗ್ಗಕ್ಕೆ ಸಿಗುತ್ತಾರೆ. ಜೇಡ ಕಚ್ಚಿದರೆ ಸಾಕು, ಒಂದು ಸೂಜಿಮದ್ದು ಚುಚ್ಚಿದರೆ ಸಾಕು. ನೈಲಂಡ್ ಹಾಗೆ ಮಾಡಲಿಲ್ಲ. ಪ್ರತಿ ಚಿಕಿತ್ಸೆಯ ಪಕ್ಕದಲ್ಲೂ ಅದರ ಅಪಾಯವನ್ನು ಬರೆದಿಟ್ಟರು. ನನ್ನ ಮಟ್ಟಿಗೆ ಇಡೀ ಹೇಲೋದಲ್ಲಿ ನಿಜವಾದ ವಿಜ್ಞಾನಕ್ಕೆ ತೀರಾ ಹತ್ತಿರವಿರುವುದು ಆ ಅಪಾಯದ ಪಟ್ಟಿಯೇ. ಚಿಕಿತ್ಸೆಗಳಲ್ಲಿ ಅರ್ಧಕ್ಕರ್ಧ ತಪ್ಪಿವೆ, ಬೆಲೆಪಟ್ಟಿ ಮಾತ್ರ ಹೆಚ್ಚುಕಡಿಮೆ ಸರಿಯಾಗಿದೆ.

ಮೊದಲು ಒಂದು ಸಣ್ಣ ಲೆಕ್ಕ. 33ನ್ನು 75ರಿಂದ ಭಾಗಿಸಿದರೆ 0.44. ಐದು ಚಿಕಿತ್ಸೆಗಳ ಅಪಾಯವೂ ಒಂದೇ ಪ್ರಮಾಣದ್ದು, ಒಂದರ ಫಲಕ್ಕೂ ಇನ್ನೊಂದರ ಫಲಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಳ್ಳೋಣ. ಒಂದೊಂದರಲ್ಲೂ ಪಾರಾಗುವ ಸಾಧ್ಯತೆ ಶೇಕಡ 85 ಇದ್ದರೆ ಐದನ್ನೂ ದಾಟಿ ಹೊರಬರುವವರು ಎಷ್ಟು? 0.85ನ್ನು ಐದು ಸಲ ಗುಣಿಸಿ: ಶೇಕಡ 44. ಅಂದರೆ ಪ್ರತಿ ಶಸ್ತ್ರವೈದ್ಯನೂ 'ನನ್ನದು ನೂರಕ್ಕೆ 85 ಯಶಸ್ವಿ' ಎಂದು ಎದೆ ತಟ್ಟಿಕೊಳ್ಳಬಹುದು. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಾಸಿಗೆಯಿಂದ ನೆಟ್ಟಗೆ ಏಳುವುದಿಲ್ಲ. ಅಪಾಯಗಳು ಒಂದರ ಮೇಲೊಂದು ಬಿದ್ದಾಗ ಹೀಗೆಯೇ ಬೆಳೆಯುತ್ತವೆ.

ಈಗ ಮೂಳೆ. ಕಥೆಯಲ್ಲಿ ಅಸ್ಥಿಪಂಜರಕ್ಕೆ ಕಾರ್ಬೈಡ್ ಸೆರಾಮಿಕ್ ಕಸಿ ಮಾಡುತ್ತಾರೆ, ಮೂಳೆ ಮುರಿಯುವ ಮಾತೇ ಇಲ್ಲ. ಆದರೆ ಕಸಿ ಒಟ್ಟು ಮೂಳೆಯ ಶೇಕಡ 3ನ್ನು ಮೀರುವಂತಿಲ್ಲ, ಮೀರಿದರೆ ಬಿಳಿ ರಕ್ತಕಣಗಳು ಸಾಯುತ್ತವೆ ಎಂಬ ಎಚ್ಚರಿಕೆಯೂ ಇದೆ. ಇದು ಒಳ್ಳೆಯ ಊಹೆ. ಬಿಳಿ ರಕ್ತಕಣಗಳು ಹುಟ್ಟುವುದೇ ಮೂಳೆಯ ಮಜ್ಜೆಯಲ್ಲಿ. ಮೂಳೆ ಒಣ ಕಂಬವೂ ಅಲ್ಲ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹದಿನಾಲ್ಕರ ಹರೆಯದಲ್ಲಂತೂ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಬೆಳೆಯುವ ಮೂಳೆಗೆ ಬೆಳೆಯದ ಪಿಂಗಾಣಿ ಅಂಟಿಸಿದರೆ ಒಳಗೇ ಪುಡಿಯಾಗಬಹುದು ಎಂದು ಕಾದಂಬರಿಯೇ ಹೇಳುತ್ತದೆ.

ಮುರಿಯದ ಮೂಳೆಯವರು ನಿಜವಾಗಿಯೂ ಇದ್ದಾರೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಒಂದು ಕುಟುಂಬದ ಬಗ್ಗೆ ಬರೆದರು. ಎಲ್‌ಆರ್‌ಪಿ5 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಅವರ ಮೂಳೆ ಅಸಾಧಾರಣವಾಗಿ ಗಟ್ಟಿಯಾಗಿತ್ತು. ಅದಕ್ಕೆ ಅವರು ತೆತ್ತ ಬೆಲೆ ಅಗಲ ದವಡೆ, ಅಂಗುಳಿನಲ್ಲಿ ಮೂಳೆಯ ಗಂಟು, ನೀರಿಗಿಳಿದರೆ ತೇಲಲಾಗದ ದೇಹ. ಇದು ಸಣ್ಣ ಬೆಲೆ. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಜನರಲ್ಲಿ ಕಾಣುವ ಸ್ಕ್ಲೆರೋಸ್ಟಿಯೋಸಿಸ್ ಇನ್ನೂ ಕಠೋರ. ತಲೆಬುರುಡೆ ಒಳಮುಖವಾಗಿ ದಪ್ಪವಾಗುತ್ತ ನರಗಳನ್ನು ಹಿಸುಕಿ ಕಿವುಡು ತರುತ್ತದೆ, ಮಿದುಳಿನ ಮೇಲೂ ಒತ್ತುತ್ತದೆ. ಅದೇ ಕಾಯಿಲೆಯ ಜಾಡು ಹಿಡಿದು ಟೊಳ್ಳು ಮೂಳೆಗೆ ರೋಮೋಸೊಜುಮಾಬ್ ಎಂಬ ಮದ್ದು ಕಂಡುಹಿಡಿದರು. 2019ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಎಚ್ಚರಿಕೆಯ ಚೀಟಿಯೊಂದಿಗೆ.

ಎರಡನೆಯದು ಸ್ನಾಯು. ಪ್ರೋಟೀನ್ ಸಂಯುಕ್ತ ಚುಚ್ಚಿ ಸ್ನಾಯುವನ್ನು ದಟ್ಟವಾಗಿಸುತ್ತಾರೆ. ನೂರರಲ್ಲಿ ಐವರಿಗೆ ಹೃದಯ ಉಬ್ಬಿ ಸಾವು. ಈ ಚುಚ್ಚುಮದ್ದು 'ಲ್ಯಾಕ್ಟೇಸ್' ಚೇತರಿಕೆಯ ಸಮಯವನ್ನೂ ತಗ್ಗಿಸುತ್ತದಂತೆ! ಲ್ಯಾಕ್ಟೇಸ್ ಎಂದರೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ. ಲೇಖಕರ ಮನಸ್ಸಿನಲ್ಲಿದ್ದದ್ದು ಲ್ಯಾಕ್ಟೇಟ್ ಇರಬೇಕು. ಅದನ್ನೂ ದಣಿವಿನ ಖಳನಾಯಕ ಎಂದು ವಿಜ್ಞಾನ ಈಗ ನಂಬುವುದಿಲ್ಲ, ಸ್ನಾಯುವಿಗೆ ಅದೊಂದು ಇಂಧನ.

ಆದರೆ ಮೂಲ ಕಲ್ಪನೆಗೆ ಗಟ್ಟಿ ಆಧಾರವಿದೆ. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ ನಮ್ಮೆಲ್ಲರ ದೇಹದಲ್ಲಿದೆ. 1997ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸೆ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮೆಕ್‌ಫೆರನ್ ಅದರ ಜೀನ್ ಕಿತ್ತ ಇಲಿಗಳನ್ನು ಬೆಳೆಸಿದಾಗ ಸ್ನಾಯುಗಳು ಎರಡು ಮೂರು ಪಟ್ಟು ತೂಗಿದವು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಲ್ಲಿ ಈ ಜೀನ್ ತಾನಾಗಿಯೇ ಕೆಟ್ಟಿದೆ. ಮೈಯೆಲ್ಲ ಮಾಂಸದ ಗುಡ್ಡ, ಕರು ಹಾಕಲು ಮಾತ್ರ ಬಹುಪಾಲು ಹಸುಗಳಿಗೆ ಸಿಸೇರಿಯನ್ ಬೇಕು. 2004ರಲ್ಲಿ ಜರ್ಮನಿಯ ವೈದ್ಯರು ಈ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದ ಒಬ್ಬ ಬಾಲಕನ ಬಗ್ಗೆ ವರದಿ ಮಾಡಿದರು. ನಾಲ್ಕೂವರೆ ವರ್ಷಕ್ಕೇ ಅವನು ಮೂರು ಮೂರು ಕಿಲೋದ ಎರಡು ಡಂಬೆಲ್‌ಗಳನ್ನು ಕೈ ಚಾಚಿ ಹಿಡಿಯುತ್ತಿದ್ದ. ವೈದ್ಯರು ಕಣ್ಣಿಟ್ಟಿದ್ದು ಅವನ ಹೃದಯದ ಮೇಲೆ. ನೈಲಂಡ್ ಬರೆದ ಅಪಾಯವೂ ಅದೇ, ಮೂರು ವರ್ಷ ಮೊದಲೇ.

ಅವರಿಗೆ ಹೊಳೆಯದೇ ಹೋದದ್ದು ಸ್ನಾಯುರಜ್ಜು. ಸ್ನಾಯು ಎಷ್ಟೇ ಬಲವಾಗಿರಲಿ, ಮೂಳೆಯನ್ನು ಎಳೆಯಬೇಕಾದದ್ದು ಈ ರಜ್ಜುವಿನ ಮೂಲಕ. ಮಯೋಸ್ಟಾಟಿನ್ ಇಲ್ಲದ ಇಲಿಗಳ ರಜ್ಜುಗಳು ಕಿರಿದಾಗಿ ಪೆಡಸಾಗಿದ್ದವು. ಮುರಿಯದ ಮೂಳೆ, ಮೂರು ಪಟ್ಟು ಸ್ನಾಯು, ನಡುವೆ ಹಳೆಯ ಹಗ್ಗ: ಸ್ಪಾರ್ಟನ್ ಮೊದಲ ನೆಗೆತಕ್ಕೇ ಹಿಮ್ಮಡಿಯ ರಜ್ಜು ಹರಿದುಕೊಂಡು ಕೂರುತ್ತಿದ್ದ.

ಮೂರನೆಯ ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಬೆಳವಣಿಗೆಯ ಹಾರ್ಮೋನನ್ನು ಚುರುಕುಗೊಳಿಸುವ ಪ್ಲಾಟಿನಂ ಗುಳಿಗೆಯನ್ನು ಥೈರಾಯ್ಡ್ ಗ್ರಂಥಿಯಲ್ಲಿ ಹುದುಗಿಸುತ್ತಾರೆ. ಆ ಹಾರ್ಮೋನು ಹುಟ್ಟುವುದು ಕುತ್ತಿಗೆಯಲ್ಲಲ್ಲ, ಮಿದುಳಿನ ಬುಡದ ಪಿಟ್ಯುಟರಿಯಲ್ಲಿ.

ಕಣ್ಣಿನದು ಜಾಣ ಯೋಚನೆ. ಬೆನ್ನೆಲುಬಿನ ಪ್ರಾಣಿಗಳ ರೆಟಿನಾ ತಲೆಕೆಳಗಾಗಿದೆ. ರಕ್ತನಾಳ, ನರತಂತುಗಳು ಮುಂದೆ. ಬೆಳಕು ಗ್ರಹಿಸುವ ಕೋಶಗಳು ಹಿಂದೆ. ಆಕ್ಟೋಪಸ್‌ನ ಕಣ್ಣು ಹೀಗಿಲ್ಲ. ಹಾಲ್ಸಿಯ ತಂಡ ರಕ್ತನಾಳಗಳನ್ನು ಹಿಂದಕ್ಕೆ ಸರಿಸಿ ದೃಷ್ಟಿ ಹೆಚ್ಚಿಸುತ್ತದೆ. ಆದರೆ ವಿಕಾಸ ಈ ತೊಡಕನ್ನು ಆಗಲೇ ಸುತ್ತಿ ದಾಟಿದೆ. ನಾವು ಓದಲು, ಗುರಿಯಿಡಲು ಬಳಸುವ ರೆಟಿನಾದ ನಟ್ಟನಡುವಿನ ಕುಳಿಯಲ್ಲಿ ರಕ್ತನಾಳಗಳೇ ಇಲ್ಲ. ಉಳಿದೆಡೆ ಮ್ಯುಲರ್ ಕೋಶಗಳು ಆಪ್ಟಿಕಲ್ ಫೈಬರ್‌ನಂತೆ ಬೆಳಕನ್ನು ಹಿಂದಕ್ಕೆ ದಾಟಿಸುತ್ತವೆ ಎಂಬುದು 2007ರಲ್ಲಿ ಗೊತ್ತಾಯಿತು. ಅಷ್ಟೆಲ್ಲ ಕೊಯ್ದರೂ ಸಿಗುವ ಲಾಭ ಅತ್ಯಲ್ಪ. ರೆಟಿನಾ ಕಳಚಿ ಕುರುಡಾಗುವ ಅಪಾಯ ಮಾತ್ರ ಪುಸ್ತಕದಲ್ಲಿ ಹೇಳಿದಂತೆಯೇ ದೊಡ್ಡದು.

ಇಡೀ ಪಡೆಯ ಹೆಗ್ಗಳಿಕೆ ನಿಂತಿರುವುದು ಐದನೆಯದರ ಮೇಲೆ. ನರಕೋಶಗಳ ಡೆಂಡ್ರೈಟ್‌ಗಳನ್ನು ಅತಿವಾಹಕ ತಂತಿಗಳಾಗಿಸಿ ಪ್ರತಿಕ್ರಿಯೆಯ ವೇಗವನ್ನು ಶೇಕಡ 300 ಹೆಚ್ಚಿಸುತ್ತಾರೆ. ಸ್ಪಾರ್ಟನ್ ಸುಮಾರು 20 ಮಿಲಿಸೆಕೆಂಡಿನಲ್ಲಿ ಪ್ರತಿಕ್ರಿಯಿಸಬಲ್ಲ. ನಮ್ಮ ನಿಮ್ಮದು, ಕಂಡದ್ದಕ್ಕೆ ಬೆರಳೊತ್ತಲು, 200ಕ್ಕೂ ಹೆಚ್ಚು. ಓಟದ ಸ್ಪರ್ಧೆಯಲ್ಲಿ ಪಿಸ್ತೂಲಿನ ಸದ್ದಾಗಿ 100 ಮಿಲಿಸೆಕೆಂಡಿಗೆ ಮೊದಲು ಕದಲಿದವರನ್ನು ತಪ್ಪು ಆರಂಭವೆಂದು ಹಿಡಿಯುತ್ತಾರೆ. ಸದ್ದು ಕೇಳಿ ಅಷ್ಟು ಬೇಗ ಯಾರೂ ಹೊರಡಲಾರರು ಎಂಬುದು ನಿಯಮದ ಹಿಂದಿನ ಲೆಕ್ಕ.

ನರದಲ್ಲಿ ಸಂದೇಶ ಮಿಂಚಿನಂತೆ ಹರಿಯುತ್ತದೆ ಎಂದು ಒಂದು ಕಾಲದಲ್ಲಿ ನಂಬಿದ್ದರು. 1850ರ ಸುಮಾರಿಗೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅಳೆದು ನೋಡಿದರೆ ಸೆಕೆಂಡಿಗೆ ಬರೀ 27 ಮೀಟರ್! ಮಯಲಿನ್ ಹೊದಿಕೆಯುಳ್ಳ ನಮ್ಮ ಅತಿ ವೇಗದ ನರತಂತುಗಳಲ್ಲಿ ಅದು 120 ಮೀಟರ್ ಮುಟ್ಟುತ್ತದೆ. ತಂತಿ ಬದಲಿಸಿದರೆ ವೇಗ ಏರಬೇಕಲ್ಲವೇ? ಏರುತ್ತದೆ, ಪ್ರಯೋಜನ ಕಡಿಮೆ. ಮಿದುಳಿನಿಂದ ಬೆರಳಿಗೆ ಸುಮಾರು ಒಂದು ಮೀಟರ್ ದೂರ. ಸೆಕೆಂಡಿಗೆ 60 ಮೀಟರ್ ವೇಗದಲ್ಲೂ 17 ಮಿಲಿಸೆಕೆಂಡಿನ ಪಯಣ. ತಂತಿ ಎಷ್ಟೇ ಚುರುಕಾದರೂ ಉಳಿಯುವುದು ಅಷ್ಟೇ. ಮಿಕ್ಕ ಸಮಯ ಹೋಗುವುದು ಬೇರೆಡೆ: ರೆಟಿನಾದಲ್ಲಿ ಬೆಳಕು ರಾಸಾಯನಿಕ ಸಂದೇಶವಾಗಲು, ಮಿದುಳಿನಲ್ಲಿ ಕೋಶದಿಂದ ಕೋಶಕ್ಕೆ ಅದು ದಾಟುತ್ತ ತೀರ್ಮಾನವಾಗಲು, ಸ್ನಾಯು ಬಿಗಿಯಾಗಲು. ಅದೂ ಅಲ್ಲದೆ ಡೆಂಡ್ರೈಟ್‌ಗಳು ಸಂದೇಶ ಬರಮಾಡಿಕೊಳ್ಳುವ ಕವಲುಗಳು. ದೂರಕ್ಕೆ ಒಯ್ಯುವುದು ಆಕ್ಸಾನ್. ಆ ಮಕ್ಕಳಿಗೆ ಪಾರ್ಕಿನ್ಸನ್ ಕಾಯಿಲೆಯ ಅಪಾಯವನ್ನು ತಂದಿಟ್ಟ ಶಸ್ತ್ರಕ್ರಿಯೆ ನಡೆದದ್ದು ತಪ್ಪು ಕವಲಿಗೆ.

ಇನ್ನು ಕವಚ. ಮ್ಯೋಲ್ನಿರ್ ಎಂಬ ಈ ಉಡುಪು ಅರ್ಧ ಟನ್ ತೂಗುತ್ತದೆ, ತೊಟ್ಟವನ ಚಲನೆಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಮಾಮೂಲಿ ಸೈನಿಕನೊಬ್ಬನಿಗೆ ತೊಡಿಸಿ ನೋಡುತ್ತಾರೆ. ಅವನು ಕೈ ಎತ್ತುತ್ತಾನೆ, ಮೂಳೆ ಮುರಿಯುತ್ತದೆ; ನೋವಿಗೆ ಒದ್ದಾಡಿದಷ್ಟೂ ಕವಚ ಅದನ್ನೇ ವರ್ಧಿಸಿ ಅವನನ್ನು ಕೊಲ್ಲುತ್ತದೆ. ಯಂತ್ರಕವಚ ಕಟ್ಟುವ ಎಂಜಿನಿಯರುಗಳ ನಿಜವಾದ ಭಯವೂ ಇದೇ ಜಾತಿಯದು. ಅಮೆರಿಕದ ವಿಶೇಷ ಕಾರ್ಯಾಚರಣಾ ಕಮಾಂಡ್ 2013ರಲ್ಲಿ ಟಾಲೋಸ್ ಎಂಬ ಕವಚದ ಯೋಜನೆ ಹಾಕಿಕೊಂಡಿತು. 2019ರ ಹೊತ್ತಿಗೆ ಬಿಡಿ ತಂತ್ರಗಳು ಕೆಲವು ಸಿಕ್ಕವು, ಸೈನಿಕ ತೊಟ್ಟು ಹೋರಾಡಬಹುದಾದ ಇಡೀ ಕವಚ ಸಿಗಲಿಲ್ಲ.

2007ರ ಮೂರನೇ ಗೇಮ್‌ನ ಆರಂಭದಲ್ಲಿ ಮಾಸ್ಟರ್ ಚೀಫ್ ಆಕಾಶದಿಂದ ಕಾಡಿಗೆ ಬೀಳುತ್ತಾನೆ, ಏಳುತ್ತಾನೆ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಿದ್ದು ಅರ್ಧ ಮೀಟರ್ ಮಣ್ಣು ಕೊರೆದು ನಿಂತ ಎನ್ನಿ, ಅದು ಗುರುತ್ವದ 255 ಪಟ್ಟು. 1954ರಲ್ಲಿ ರಾಕೆಟ್ ಬಂಡಿಯಲ್ಲಿ ಕೂತು ಗಕ್ಕನೆ ನಿಂತ ಅಮೆರಿಕದ ವಾಯುಪಡೆಯ ಜಾನ್ ಸ್ಟ್ಯಾಪ್ ಸಹಿಸಿದ್ದು 46 ಪಟ್ಟು. ಕವಚ ಹೊರಗಿನ ಏಟು ತಡೆದೀತು, ಬುರುಡೆಯೊಳಗಿನ ಮಿದುಳು ಬುರುಡೆಗೆ ಅಪ್ಪಳಿಸುವುದನ್ನು ತಡೆಯಲಾರದು.

ಮೊದಲ ಕಾದಂಬರಿ ಬಂದ ಐದು ವರ್ಷಗಳ ಬಳಿಕ, 2006ರಲ್ಲಿ, ನೈಲಂಡ್ 'ಘೋಸ್ಟ್ಸ್ ಆಫ್ ಓನಿಕ್ಸ್' ಬರೆದರು. ಅದರಲ್ಲಿ ಸ್ಪಾರ್ಟನ್-3 ಬರುತ್ತದೆ, ಇನ್ನೂ ಗುಪ್ತ, ಇನ್ನೂ ಅಗ್ಗ. ಈ ಸಲ ಕದ್ದು ತಂದ ಮಕ್ಕಳಲ್ಲ, ಯುದ್ಧದಲ್ಲಿ ಅನಾಥರಾದವರು. ತದ್ರೂಪಿಗಳ ಖರ್ಚೂ ಉಳಿಯಿತು. ದೇಹ ತಿದ್ದುವ ವಿದ್ಯೆ ಅಷ್ಟರಲ್ಲಿ ಪಳಗಿತ್ತು, ಚಿಕಿತ್ಸೆಯ ಮೇಜಿನ ಮೇಲೆ ಮಕ್ಕಳು ಸಾಯುವುದು ನಿಂತಿತ್ತು. ಆದರೆ ಮ್ಯೋಲ್ನಿರ್‌ನಂಥ ದುಬಾರಿ ಕವಚ ಕೊಡದೆ, ಮುನ್ನೂರು ಮಂದಿಯ ತುಕಡಿಗಳನ್ನೇ ಮರಳಿ ಬರಲಾಗದ ಕಾರ್ಯಾಚರಣೆಗಳಿಗೆ ಕಳುಹಿಸತೊಡಗಿದರು. 2545ರಲ್ಲಿ ಹಾಗೆ ಹೋದ ಬೀಟಾ ತುಕಡಿಯ ಮುನ್ನೂರರಲ್ಲಿ ಹಿಂದಿರುಗಿದವರು ಇಬ್ಬರು.