ಚಾ ಬ್ಯಾಡ ಅಂದ ದಿನ

ನಮ್ಮ ಕಡೆ ಮನೆಗೆ ಬಂದವರು ಚಾ ಬ್ಯಾಡ ಅಂದರೆ ಎರಡೇ ಅರ್ಥ. ಒಂದೋ ಅವರಿಗೆ ಸಕ್ಕರೆ ಕಾಯಿಲೆ, ಇಲ್ಲಾ ನಮ್ಮ ಮ್ಯಾಲೆ ಸಿಟ್ಟು. ಗಂಗಾವತಿಯ ದೊಡ್ಡವ್ವನ ಮನೆಯಲ್ಲಿ ಮೊದಲ ಸಲ ನಾನು "ಚಾ ಬ್ಯಾಡ ದೊಡ್ಡವ್ವಾ" ಅಂದಾಗ ಆಕೆ ಗಾಬರಿಯಾಗಿ, "ಏ ತಮ್ಮಾ, ಮೂವತ್ತಕ್ಕ ಶುಗರ್ ಬಂತೇನ ನಿನಗ?" ಅಂದಳು. ನಕ್ಕು ಸುಮ್ಮನಾದೆ. ಎರಡನೇ ಸಲ ಹೊಟ್ಟೆ ಸರಿ ಇಲ್ಲ ಅಂತ ಸುಳ್ಳು ಹೇಳಿದೆ. ಮೂರನೇ ಸಲ ಒಳಗಿನಿಂದ ಆಕೆಯ ಮಗನೇ ಕೂಗಿ ಹೇಳಿದ: "ಯವ್ವಾ, ಅವನ ಹೊಸಾ ದೇವರು ಚಾ ಕುಡೀಬ್ಯಾಡ ಅಂದಾನಂತ."

ಮನೆ ಗಪ್ಪಾಯಿತು. ಒಲೆಯ ಮೇಲಿನ ಚಾ ಉಕ್ಕಿ ಹೋಗುವವರೆಗೂ ಯಾರೂ ಮಾತಾಡಲಿಲ್ಲ.

ನಾನು ಕುಷ್ಟಗಿ ತಾಲೂಕಿನ ಹಳ್ಳಿಯವನು. ಅಪ್ಪ ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು, ಅವ್ವನ ತವರು ಯಲಬುರ್ಗಾ ತಾಲೂಕು. ಲಿಂಗಾಯತರ ಮನೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎಂಟು ವರ್ಷವಾಯಿತು. ಹೆಸರಿಗೆ ಬೆಂಗಳೂರು, ಬದುಕೆಲ್ಲ ಸೂಟ್‌ಕೇಸಿನಲ್ಲೇ. ತಿಂಗಳಲ್ಲಿ ಹತ್ತು ದಿನ ಹೈದರಾಬಾದ್ ಇಲ್ಲವೇ ಪುಣೆ, ಆಗೀಗ ಅಮೆರಿಕ. ಹಬ್ಬ ಬಂದರೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಕೊಪ್ಪಳದಲ್ಲಿ ಇಳಿದು ಊರಿಗೆ ಬಸ್ಸು.

ಉಪ್ಪುನೀರಿನ ಸರೋವರದ ಊರು

2023ರಲ್ಲಿ ಮೂರು ತಿಂಗಳು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಹತ್ತಿರ ಇದ್ದೆ. ನಮ್ಮ ಜೊತೆ ಡೇಟಾಬೇಸ್ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಭಾನುವಾರ ಊಟಕ್ಕೆ ಕರೆದರು. ಮನೆಯಲ್ಲಿ ಐದು ಮಕ್ಕಳು. ಚಾ ಇಲ್ಲ, ಕಾಫಿ ಇಲ್ಲ, ಬಿಯರ್ ಇಲ್ಲ. ಅಮೆರಿಕದಲ್ಲಿ ಇಂಥ ಮನೆಯೂ ಇರುತ್ತದಾ ಅನ್ನಿಸಿತು. ಅವರು ತಮ್ಮ ಚರ್ಚಿನ ಬಿಷಪ್ ಎಂದು ಆಮೇಲೆ ತಿಳಿಯಿತು. ಸೋಮವಾರದಿಂದ ಶುಕ್ರವಾರ ನನ್ನ ಪಕ್ಕ ಕೂತು ಕ್ವೆರಿ ಬರೆಯುವ ಮನುಷ್ಯ, ಭಾನುವಾರ ಬಿಷಪ್! ಅದಕ್ಕೆ ಸಂಬಳವಿಲ್ಲ. ಸುಮಾರು ಐದು ವರ್ಷವಾದ ಮೇಲೆ ಆ ಹೊಣೆ ಇನ್ನೊಬ್ಬರಿಗೆ ಹೋಗುತ್ತದಂತೆ.

ಇವರನ್ನು ಜನ ಮಾರ್ಮನ್ನರು ಅನ್ನುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್' ಎಂದು. ಜೋಸೆಫ್ ಸ್ಮಿತ್ ಎಂಬ ಯುವಕ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಪಂಥ. ಬೈಬಲ್ ಜೊತೆಗೆ 'ಬುಕ್ ಆಫ್ ಮಾರ್ಮನ್' ಕೂಡ ಇವರಿಗೆ ಧರ್ಮಗ್ರಂಥ. ಊರೂರಲ್ಲಿ ವಿರೋಧ ಎದುರಿಸಿ ಕೊನೆಗೆ 1847ರಲ್ಲಿ ಬ್ರಿಗಮ್ ಯಂಗ್ ಹಿಂದೆ ನಡೆದು, ಗಾಡಿ ಹೊಡೆದು ಈ ಉಪ್ಪುನೀರಿನ ಸರೋವರದ ಬಯಲಿಗೆ ಬಂದು ನೆಲೆ ನಿಂತರು. ಅಲ್ಲಿನ ದೊಡ್ಡ ದೇವಾಲಯ ಕಟ್ಟಲು 1853ರಿಂದ 1893ರವರೆಗೆ 40 ವರ್ಷ ಹಿಡಿಯಿತು. ನಾನು ಹೋದಾಗ ಅದರ ಸುತ್ತ ದುರಸ್ತಿಯ ಅಟ್ಟಣಿಗೆ ಕಟ್ಟಿದ್ದರು.

ಚಾ, ಕಾಫಿ, ಹೆಂಡ, ತಂಬಾಕು ಕೂಡದು ಎಂಬ ನಿಯಮಕ್ಕೆ 1833ರ ಒಂದು ಉಪದೇಶ ಮೂಲ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ ಮಾಡಿ, ಉಳಿದ ಊಟದ ದುಡ್ಡನ್ನು ಬಡವರಿಗೆ ಕೊಡುತ್ತಾರೆ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ಕೊಪ್ಪಳದ ಗವಿಮಠದ ಜಾತ್ರೆ. ಪ್ರತಿ ಜನವರಿಯಲ್ಲಿ ಹಳ್ಳಿಹಳ್ಳಿಯಿಂದ ಜೋಳದ ರೊಟ್ಟಿ ಕಟ್ಟಿಕೊಂಡು ಟ್ರ್ಯಾಕ್ಟರ್‌ನಲ್ಲಿ ದಾಸೋಹಕ್ಕೆ ಒಯ್ಯುತ್ತೇವಲ್ಲ, ಅದು. ಅವ್ವ ವರ್ಷವೂ ರೊಟ್ಟಿ ಬಡಿದು ಕಳಿಸುತ್ತಾಳೆ.

ಹೋಟೆಲ್ ಕೋಣೆಯ ಭಾನುವಾರಗಳು

ನಿಜ ಹೇಳಬೇಕೆಂದರೆ, ನನ್ನನ್ನು ಅಲ್ಲಿಗೆ ಮೊದಲು ಎಳೆದದ್ದು ದೇವರಲ್ಲ, ಒಂಟಿತನ. ಪರ ಊರಿನ ಹೋಟೆಲ್ ಕೋಣೆಯಲ್ಲಿ ಭಾನುವಾರ ಕಳೆಯುವುದು ಏನೆಂದು ನನ್ನಂತೆ ತಿರುಗುವವರಿಗೆ ಗೊತ್ತು. ಯೂಟಾದಿಂದ ಬಂದ ಮೇಲೆ ಹೈದರಾಬಾದ್‌ಗೆ ಹೋದಾಗ ಅಲ್ಲಿನ ಸಭೆಗೆ ಹೋದೆ, ಬೆಂಗಳೂರಿನಲ್ಲಿ ಇದ್ದಾಗ ಇಲ್ಲಿನ ಸಭೆಗೆ. ಎರಡು ತಾಸಿನ ಕಾರ್ಯಕ್ರಮ. ಬ್ರೆಡ್ಡಿನ ತುಣುಕು, ದ್ರಾಕ್ಷಾರಸದ ಬದಲು ನೀರು. ಆ ವಾರದ ಪಾಠ ಎಲ್ಲಾ ಊರಲ್ಲೂ ಒಂದೇ. ಹಿಂದಿನ ವಾರ ಬೆಂಗಳೂರಿನಲ್ಲಿ ಬಿಟ್ಟ ಮಾತು ಈ ವಾರ ಹೈದರಾಬಾದಿನಲ್ಲಿ ಮುಂದುವರಿಯುತ್ತಿತ್ತು. ಯಾರೋ ಒಬ್ಬರು "ಊಟ ಆಯ್ತಾ?" ಅಂತ ಕೇಳುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಭಾರತಕ್ಕೆ ಇವರ ಪ್ರಚಾರಕರು 1851ರಲ್ಲೇ ಕೋಲ್ಕತ್ತಕ್ಕೆ ಬಂದಿದ್ದರು. ಆಗ ಬೇರು ಹಿಡಿಯಲಿಲ್ಲ. 1978ರಲ್ಲಿ ಸಮೋವಾ ದ್ವೀಪದಲ್ಲಿ ಕೆಲಸದಲ್ಲಿದ್ದ ಕೀಟವಿಜ್ಞಾನಿ ಎಡ್ವಿನ್ ಧರ್ಮರಾಜು ಮತ್ತು ಪತ್ನಿ ಎಲ್ಸಿ ಹೈದರಾಬಾದ್‌ಗೆ ಬಂದು ತಮ್ಮ ಬಂಧುಗಳಿಗೇ ಈ ನಂಬಿಕೆ ಪರಿಚಯಿಸಿದರು. 22 ಮಂದಿ ದೀಕ್ಷಾಸ್ನಾನ ಪಡೆದರು. 1993ರಲ್ಲಿ ಬೆಂಗಳೂರು ಮಿಷನ್ ಶುರುವಾಯಿತು. ಭಾರತದ ಮೊದಲ ದೇವಾಲಯ ಬೆಂಗಳೂರಿನಲ್ಲಿ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ಕಾರ್ಯಕ್ರಮ ಮಾಡಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಇವರ ಹೆಸರು ಕೇಳಿದವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ಹಾಗಾಗಿ ಊರಲ್ಲಿ ಸುದ್ದಿ ಹಬ್ಬಿದಾಗ ಜನ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ರೊಕ್ಕಾ ಕೊಟ್ರೋ?" ಕೊಡುವುದಿರಲಿ, ಸೇರಿದವರೇ ತಮ್ಮ ಆದಾಯದಲ್ಲಿ ನೂರಕ್ಕೆ ಹತ್ತು ಕೊಡಬೇಕೆಂದು ಹೇಳಿದೆ. "ಹಂಗಾರ ನೀ ಪೂರಾ ಹುಚ್ಚ" ಅಂದರು. ಪರಿಚಯದ ಕ್ರೈಸ್ತ ಗೆಳೆಯನಿಗೆ ಹೇಳಿದರೆ ಅವನೂ ಮುಖ ಸಿಂಡರಿಸಿ, "ಅವರು ನಮ್ಮವರಲ್ಲ" ಅಂದ. ತಂದೆ, ಮಗ, ಪವಿತ್ರಾತ್ಮ ಒಂದೇ ದೈವಸತ್ವವಲ್ಲ, ಮೂರು ಪ್ರತ್ಯೇಕ ಅಸ್ತಿತ್ವಗಳು ಎನ್ನುವ ಇವರ ನಂಬಿಕೆಯನ್ನು ಉಳಿದ ಮುಖ್ಯವಾಹಿನಿಯ ಚರ್ಚುಗಳು ಒಪ್ಪುವುದಿಲ್ಲ. ಅತ್ತ ಹೊಲದವನೂ ಅಲ್ಲ, ಇತ್ತ ಮನೆಯವನೂ ಅಲ್ಲ ಅನ್ನುವಂಗಾಯಿತು ನನ್ನ ಗತಿ.

ನನಗೂ ಪ್ರಶ್ನೆಗಳಿದ್ದವು. 1890ರವರೆಗೆ ಬಹುಪತ್ನಿತ್ವವನ್ನು ಒಪ್ಪಿಕೊಂಡಿದ್ದ ಚರ್ಚು ಇದು. ಆಫ್ರಿಕನ್ ಮೂಲದ ಕಪ್ಪು ಜನರಿಗೆ 1978ರವರೆಗೆ ಪೌರೋಹಿತ್ಯ ಕೊಟ್ಟಿರಲಿಲ್ಲ. ಹೆಣ್ಣುಮಕ್ಕಳಿಗೆ ಅದು ಇವತ್ತಿಗೂ ಇಲ್ಲ. ಹೆಣ್ಣು ಗಂಡು ಇಬ್ಬರಿಗೂ ಲಿಂಗ ಕಟ್ಟುವ ಪರಂಪರೆಯಲ್ಲಿ ಬೆಳೆದ ನನಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಕೇಳಿದೆ. ಕೆಲವಕ್ಕೆ ಉತ್ತರ ಸಿಕ್ಕಿತು, ಕೆಲವಕ್ಕೆ "ನೀವೇ ಓದಿ, ಪ್ರಾರ್ಥನೆ ಮಾಡಿ, ದೇವರನ್ನೇ ಕೇಳಿ" ಅಂದರು.

ಹೆಳವ ಹೇಳಿದ ಏಳು ತಲೆಮಾರು

ಆ ವರ್ಷ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದಿದ್ದರು. ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅಂಗಳದಲ್ಲಿ ಕೂತು ಏಳು ತಲೆಮಾರಿನ ಹೆಸರು ಹೇಳಿದರು. ಯಾರು ಯಾವ ಊರಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾವ ಬರಗಾಲದಲ್ಲಿ ಯಾರು ಹೋದರು. ಅವ್ವ ಒಂದು ಚೀಲ ಜೋಳ ಕೊಟ್ಟಳು. ನಾನು ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ವಂಶಾವಳಿ ಅಂದರೆ ಈ ಚರ್ಚಿನವರಿಗೆ ಜೀವ. 1894ರಲ್ಲೇ ಅದಕ್ಕಾಗಿ ಒಂದು ಸಂಘ ಕಟ್ಟಿದವರು. ಯೂಟಾದ ಗ್ರಾನೈಟ್ ಬೆಟ್ಟವನ್ನು ಕೊರೆದು ಅದರೊಳಗೆ ಜಗತ್ತಿನ ನಾನಾ ದೇಶಗಳ ವಂಶದಾಖಲೆಯ ಸುರುಳಿಗಳನ್ನು ಕಾಪಿಟ್ಟಿದ್ದಾರೆ. 'ಫ್ಯಾಮಿಲಿಸರ್ಚ್' ಎಂಬ ಅವರ ಜಾಲತಾಣ ಯಾರು ಬೇಕಾದರೂ ಬಳಸಲು ಉಚಿತ. ಬೆಂಗಳೂರಿಗೆ ಬಂದು ಒಂದು ರಾತ್ರಿ ಕೂತು ಹೆಳವರು ಹೇಳಿದ ಹೆಸರುಗಳನ್ನು ಅದರಲ್ಲಿ ಒಂದೊಂದಾಗಿ ತುಂಬತೊಡಗಿದೆ. ಅಜ್ಜ, ಮುತ್ತಜ್ಜ, ಅವನಪ್ಪ. ಪರದೆಯ ಮೇಲೆ ಗಿಡ ಬೆಳೆದ ಹಾಗೆ ಕಂಡು ಖುಷಿಯಾಯಿತು. ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಆಕೆಗೂ ಖುಷಿ.

ಆ ಹೆಸರುಗಳನ್ನು ಅವರು ಯಾಕೆ ಹುಡುಕುತ್ತಾರೆ ಎಂದು ಪೂರ್ತಿ ತಿಳಿದದ್ದು ಆಮೇಲೆ. ತೀರಿಹೋದ ಹಿರಿಯರ ಪರವಾಗಿ, ಬದುಕಿರುವ ಸದಸ್ಯರು ದೇವಾಲಯದಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಾರೆ. ಸತ್ತವರು ಅದನ್ನು ಒಪ್ಪಬಹುದು, ಬಿಡಬಹುದು, ಆಯ್ಕೆ ಅವರದೇ ಎನ್ನುವುದು ನಂಬಿಕೆ. ಅವರ ಪಾಲಿಗೆ ಅದು ಹಿರಿಯರ ಋಣ ತೀರಿಸುವ ಕೆಲಸ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಜ್ಜನನ್ನು ಹೊಲದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದ್ದನ್ನು ಹತ್ತು ವರ್ಷದ ಹುಡುಗನಾಗಿ ನಾನೇ ನೋಡಿದ್ದೆ.

ತಂಗಿಯ ಮಾತು

ಇದೇ ಹೊತ್ತಿಗೆ ತಂಗಿಗೆ ಯಲಬುರ್ಗಾ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಈಕೆಯೂ ಒಪ್ಪಿದ್ದಳು. ಮಾತುಕತೆಗೆ ದಿನ ಗೊತ್ತಾಗುವಷ್ಟರಲ್ಲಿ "ಹುಡುಗಿ ಅಣ್ಣ ಮತ ಬದಲಿ ಮಾಡ್ಯಾನಂತ" ಎಂಬ ಸುದ್ದಿ ಅವರಿಗೆ ಮುಟ್ಟಿತು. "ಸ್ವಲ್ಪ ದಿನ ತಡೀರಿ" ಅಂದವರು ಮತ್ತೆ ಫೋನ್ ಎತ್ತಲಿಲ್ಲ. ನಾನು ಬದಲಿ ಮಾಡಿಯೇ ಇರಲಿಲ್ಲ. ಅದನ್ನು ಯಾರಿಗೆ ಹೇಳಲಿ?

ಊರಿಗೆ ಓಡಿ ಬಂದೆ. ತಂಗಿ ಅಳಲಿಲ್ಲ, ಬೈಯಲೂ ಇಲ್ಲ. "ಅಣ್ಣಾ, ನಿನ್ನ ಹುಡುಕಾಟದ ಖರ್ಚು ನಾ ಯಾಕ ಕೊಡಬೇಕು?" ಅಂದಳು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಅಪ್ಪ ಸಂಜೆ ಹೊಲದ ಕಡೆ ಕರೆದುಕೊಂಡು ಹೋದ. ಕಾನೂನಿನ ಮಾತು ನಾನೇ ತೆಗೆದೆ. ಸಂವಿಧಾನದ 25ನೇ ವಿಧಿ ಇದೆ. 2022ರ ರಾಜ್ಯದ ಕಾಯ್ದೆ ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂದಿತ್ತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಅಪ್ಪ ಎಲ್ಲ ಕೇಳಿ, "ಡಿಸಿಗೆ ಹೇಳೂದು ಆಮ್ಯಾಲ. ಮೊದಲು ನನಗ ಹೇಳಬೇಕಿತ್ತಲ್ಲೋ, ಮಂದಿ ಬಾಯಿಂದ ಕೇಳೂಹಂಗ ಮಾಡಿದಿ" ಅಂದ. ಸ್ವಲ್ಪ ದೂರ ನಡೆದು ಮತ್ತೆ ನಿಂತು, "ನೀ ಓದು. ಓದಬ್ಯಾಡ ಅಂತ ಮೇಷ್ಟ್ರಾದಾಂವ ಹೆಂಗ ಹೇಳ್ಲಿ? ಆದ್ರ ನಮ್ಮಪ್ಪನ ಹೆಸರು ಯಾವ ಪಟ್ಟಿಗೂ ಕೊಡಬ್ಯಾಡ" ಅಂದ.

ಬೆಂಗಳೂರಿಗೆ ಬಂದು ಚರ್ಚಿನ ಹಿರಿಯರೊಬ್ಬರನ್ನು ಕೇಳಿದೆ. ಹೆಸರು ತುಂಬಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ಕಳೆದ 110 ವರ್ಷದೊಳಗೆ ಹುಟ್ಟಿದವರಿಗಾದರೆ ಬದುಕಿರುವ ಹತ್ತಿರದ ಬಂಧುವಿನ ಒಪ್ಪಿಗೆ ಬೇಕೇ ಬೇಕು ಅಂದರು. ಅಂದರೆ ಅಜ್ಜನ ವಿಷಯದಲ್ಲಿ ಅಪ್ಪನ ಮಾತೇ ಕೊನೆ. ಮನಸ್ಸು ಹಗುರಾಯಿತು. ಆದರೆ ಅದಕ್ಕೂ ಹಿಂದಿನ ನಾಲ್ಕೈದು ತಲೆಮಾರು? ಅವರ ಪರವಾಗಿ ಬೇಡ ಅನ್ನಲು ಯಾರೂ ಉಳಿದಿಲ್ಲ. ನಾನು ಸೇರಿದರೆ ಆ ನಿರ್ಧಾರ ನನ್ನ ಕೈಗೇ ಬರುತ್ತದೆ. ಒಳಗೆ ಕಾಲಿಡುವ ಮೊದಲು ನಾನು ದಾಟಬೇಕಾದ ಹೊಸ್ತಿಲು ಇದೇ. ಚಾ ಬಿಡುವುದು ಇದರ ಮುಂದೆ ಏನೂ ಅಲ್ಲ.

ಕೊಪ್ಪಳದ ಬಗ್ಗೆ ಆಗಾಗ ಯೋಚಿಸುತ್ತೇನೆ. ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಬೌದ್ಧನಾದ ಅಶೋಕನ ಶಾಸನಗಳಿವೆ. ಇದೇ ಊರು ಒಂದು ಕಾಲಕ್ಕೆ ಕೊಪಣ ಎಂಬ ಜೈನರ ಮಹಾತೀರ್ಥ. ಇವತ್ತು ಲಕ್ಷಾಂತರ ಜನ ಗವಿಸಿದ್ಧೇಶ್ವರನ ತೇರು ಎಳೆಯುತ್ತಾರೆ. ಕೊಪಣವನ್ನು ತಿರುಳುಗನ್ನಡದ ನಾಡಿನಲ್ಲಿ ಎಣಿಸುವ 'ಕವಿರಾಜಮಾರ್ಗ'ವೇ, ಪರರ ಧರ್ಮ ವಿಚಾರಗಳನ್ನು ಸಹಿಸುವುದೇ ನಿಜವಾದ ಸಂಪತ್ತು ಎಂದೂ ಹೇಳುತ್ತದೆ. ನಮ್ಮ ಹಿರಿಯರಲ್ಲೂ ಯಾರೋ ಒಬ್ಬರು ಎಂದೋ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದಿರಬೇಕು. ಅವರ ಅವ್ವನೂ ಅತ್ತಿರಬೇಕು.

ನಾನು ಇನ್ನೂ ದೀಕ್ಷಾಸ್ನಾನ ಪಡೆದಿಲ್ಲ. ಓದುತ್ತಿದ್ದೇನೆ. ತಂಗಿಗೆ ಈಗ ಇನ್ನೊಂದು ಸಂಬಂಧ ಬಂದಿದೆ. ಈ ಸಲ ಮುಚ್ಚಿಡುವುದು ಬೇಡ, ಮೊದಲ ದಿನವೇ ನಾನೇ ಬಂದು ಎದುರು ಕೂತು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಅಂದಿದ್ದೇನೆ. "ಸೂಟ್‌ಕೇಸ್ ಬಿಟ್ಟು ಬಾ" ಅಂದಿದ್ದಾಳೆ.

ಹೋದ ತಿಂಗಳು ಗಂಗಾವತಿಗೆ ಹೋಗಿದ್ದೆ. ದೊಡ್ಡವ್ವ ಏನೂ ಕೇಳದೆ ಒಳಗೆ ಹೋಗಿ ಹಬೆಯಾಡುವ ಲೋಟ ತಂದು ಮುಂದಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ, "ಶುಂಠಿ ಜೀರಗಿ ಕಷಾಯ ಐತಿ. ಚಾಪುಡಿ ಹಾಕಿಲ್ಲ, ಕುಡಿ" ಅಂದಳು.

ಕೈಗೆತ್ತಿಕೊಂಡೆ. "ಇದನ್ನ ಕೊಟ್ಟೀನಿ ಅಂದ್ರ ನಿನ್ನ ದೇವರನ್ನ ಒಪ್ಪೀನಿ ಅಂತಲ್ಲ ಮತ್ತ" ಅಂದಳು.

"ನಾನೂ ಇನ್ನಾ ಪೂರಾ ಒಪ್ಪಿಲ್ಲ ದೊಡ್ಡವ್ವಾ" ಅಂದೆ. ಬೆಲ್ಲ ಸ್ವಲ್ಪ ಜಾಸ್ತಿಯಾಗಿತ್ತು. ಪೂರ್ತಿ ಕುಡಿದೆ.